ನಮ್ಮ ವಿಳಾಸದಿಂದ ನಾವು ಕಳುಹಿಸದ ಬಿಲ್ಲು: ಸಣ್ಣ ಉದ್ದಿಮೆಗಳ ಇಮೇಲ್ ಭದ್ರತೆ ಕುರಿತ ಚರ್ಚೆ

ಮುದ್ರಣಾಲಯದ ಮಾಲೀಕರು:

ಎಲ್ಲರಿಗೂ ನಮಸ್ಕಾರ. ಆರು ಮಂದಿ ಕೆಲಸ ಮಾಡುವ ಒಂದು ಸಣ್ಣ ಮುದ್ರಣಾಲಯ ನಮ್ಮದು. ಮೊನ್ನೆ ನಮ್ಮ ಹಳೆಯ ಗ್ರಾಹಕರೊಬ್ಬರು ಫೋನ್ ಮಾಡಿ, 'ಬ್ಯಾಂಕ್ ಖಾತೆ ಬದಲಾಗಿದೆ ಎಂದು ಬರೆದಿದ್ದಿರಲ್ಲ, ಬಾಕಿಯನ್ನು ಆ ಹೊಸ ಖಾತೆಗೇ ಹಾಕಿದ್ದೇವೆ, ತಲುಪಿತೇ?' ಎಂದು ಕೇಳಿದರು. ನಾವು ಖಾತೆ ಬದಲಿಸಿಲ್ಲ, ಅಂಥ ಪತ್ರವನ್ನೂ ಬರೆದಿಲ್ಲ. ಅವರು ತೋರಿಸಿದ ಮೇಲ್ ನಮ್ಮದೇ ವಿಳಾಸದಿಂದ ಹೋದಂತಿತ್ತು. ನಮ್ಮ ಚಿಹ್ನೆ ಇತ್ತು, ಕೊನೆಯಲ್ಲಿ ನಮ್ಮ ಲೆಕ್ಕ ನೋಡಿಕೊಳ್ಳುವವರ ಹೆಸರೂ ಇತ್ತು. ನಮ್ಮ ಕಂಪ್ಯೂಟರಿನಲ್ಲಿ ಕಳುಹಿಸಿದ ಮೇಲ್‌ಗಳ ಪಟ್ಟಿಯಲ್ಲಿ ಮಾತ್ರ ಅದರ ಸುಳಿವಿಲ್ಲ. ಗ್ರಾಹಕರು ನಮ್ಮನ್ನು ಅನುಮಾನಿಸುತ್ತಿಲ್ಲ, ಆದರೆ ಅವರ ಹಣ ಹೋಗಿದೆ, ಅದು ನಮ್ಮ ಹೆಸರಿನಲ್ಲಿ ಹೋಗಿದೆ ಎಂಬ ಸಂಕಟ ನನ್ನನ್ನು ಬಿಡುತ್ತಿಲ್ಲ. ಇದು ಹೇಗಾಯಿತು, ಈಗ ಏನು ಮಾಡಬೇಕು? ಕಂಪ್ಯೂಟರ್ ವಿಷಯದಲ್ಲಿ ನನಗೆ ತಿಳಿದದ್ದು ಕಡಿಮೆಯಾದ್ದರಿಂದ ದಯವಿಟ್ಟು ಮೂಲದಿಂದಲೇ ವಿವರಿಸಿ.

ಮೇಲ್ ಸರ್ವರ್ ನಿರ್ವಾಹಕರು:

ಸರ್, ಕಾರಣ ಹುಡುಕುವ ಮೊದಲು ಹಣದ ಕಡೆ ಗಮನ ಕೊಡಿ. ಗ್ರಾಹಕರು ಈಗಿಂದೀಗಲೇ ತಮ್ಮ ಬ್ಯಾಂಕಿಗೆ ಇದು ವಂಚನೆಯೆಂದು ತಿಳಿಸಿ, ಹಣ ತಲುಪಿದ ಖಾತೆಯನ್ನು ತಡೆಹಿಡಿಯುವಂತೆ ಕೇಳಬೇಕು. ಪೊಲೀಸರಿಗೂ ದೂರು ಕೊಡಬೇಕು. ಇಂಥ ಹಣವನ್ನು ವಂಚಕರು ಬಹಳ ಬೇಗ ಬೇರೆ ಬೇರೆ ಖಾತೆಗಳಿಗೆ ಸಾಗಿಸಿಬಿಡುತ್ತಾರೆ, ಆದ್ದರಿಂದ ನಾಳೆ ನೋಡೋಣ ಎನ್ನುವ ಹಾಗಿಲ್ಲ. ಆ ಮೇಲನ್ನು ಯಾರೂ ಅಳಿಸಬಾರದು ಎಂದೂ ಹೇಳಿ.

ಇನ್ನು ಕಾರಣದ ಮಾತು. ಇಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ ಅವರು 1982ರಲ್ಲಿ ಬರೆದರು. ಆಗ ಜಾಲದಲ್ಲಿದ್ದವರು ಕೆಲವೇ ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾ ಸಂಸ್ಥೆಗಳವರು. ಕಳುಹಿಸುವವರು ತಮ್ಮ ಹೆಸರನ್ನು ಸುಳ್ಳು ಹೇಳಬಹುದು ಎಂಬ ಆತಂಕಕ್ಕೆ ಆ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ. ಅಂಚೆಯ ಲಕೋಟೆಯ ಹಿಂಬದಿಯಲ್ಲಿ ಯಾರು ಯಾರ ವಿಳಾಸವನ್ನು ಬೇಕಾದರೂ ಬರೆದು ಡಬ್ಬಿಗೆ ಹಾಕಬಹುದಲ್ಲ, ಇಲ್ಲಿಯೂ ಹಾಗೆಯೇ. ಲಕೋಟೆಯ ಮೇಲೆ ಒಂದು ವಿಳಾಸ, ಒಳಗಿನ ಪತ್ರದ ತಲೆಯಲ್ಲಿ ಇನ್ನೊಂದು ವಿಳಾಸ ಇರಲೂ ಅಡ್ಡಿಯಿಲ್ಲ. ಓದುವವರ ಕಣ್ಣಿಗೆ ಬೀಳುವುದು ಒಳಗಿನ ವಿಳಾಸ ಮಾತ್ರ. ಈ ಮೂಲ ಕೊರತೆಗೆ ಆಮೇಲೆ ಹಾಕಿದ ತೇಪೆಗಳನ್ನೇ ನಾವು ಇಂದು ಇಮೇಲ್ ಭದ್ರತೆ ಎಂದು ಕರೆಯುತ್ತಿದ್ದೇವೆ.

ಹಾಗಾಗಿ ನಿಮ್ಮ ವಿಷಯದಲ್ಲಿ ಮೂರು ಸಾಧ್ಯತೆಗಳಿವೆ. ಬೇರೆ ಎಲ್ಲಿಂದಲೋ ನಿಮ್ಮ ವಿಳಾಸವನ್ನು ಬರೆದು ಕಳುಹಿಸಿರಬಹುದು. ನಿಮ್ಮ ಡೊಮೇನನ್ನೇ, ಅಂದರೆ ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರನ್ನೇ, ಹೋಲುವ, ಒಂದಕ್ಷರ ಮಾತ್ರ ಬೇರೆಯಾದ ಹೆಸರನ್ನು ನೋಂದಾಯಿಸಿರಬಹುದು. ಇಂಗ್ಲಿಷಿನ 'ಆರ್' ಮತ್ತು 'ಎನ್' ಒತ್ತಾಗಿ ನಿಂತರೆ 'ಎಂ' ಅಕ್ಷರದಂತೆಯೇ ಕಾಣುತ್ತದೆ. ಮೂರನೆಯದೇ ಹೆಚ್ಚು ಗಂಭೀರ: ಯಾರೋ ನಿಮ್ಮ ಖಾತೆಯ ಒಳಗೇ ಕುಳಿತು ಕಳುಹಿಸಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ, ಆದ್ದರಿಂದ ಯಾವುದೆಂದು ಮೊದಲು ತಿಳಿಯಬೇಕು. ಎರಡು ಪ್ರಶ್ನೆ ಕೇಳುತ್ತೇನೆ. ಆ ಮೇಲಿನ ಕೆಳಭಾಗದಲ್ಲಿ ನಿಮ್ಮಿಬ್ಬರ ನಡುವಿನ ಹಳೆಯ ಪತ್ರವ್ಯವಹಾರ ಸೇರಿತ್ತೇ? ಬಿಲ್ಲಿನ ಮೊತ್ತ ನಿಜವಾದ ಮೊತ್ತವೇ ಆಗಿತ್ತೇ?

ಮುದ್ರಣಾಲಯದ ಮಾಲೀಕರು:

ಬ್ಯಾಂಕಿಗೂ ಪೊಲೀಸರಿಗೂ ದೂರು ಹೋಗಿದೆ. ನಿಮ್ಮ ಎರಡು ಪ್ರಶ್ನೆಗಳಿಗೂ ಹೌದು ಎಂದೇ ಉತ್ತರ. ಹಿಂದಿನ ನಾಲ್ಕು ಪತ್ರಗಳು ಕೆಳಗೆ ಹಾಗೆಯೇ ಇದ್ದವು, ಮೊತ್ತ ಒಂದಂಕಿಯೂ ತಪ್ಪದೆ ಸರಿಯಾಗಿತ್ತು.

ಲೆಕ್ಕಪತ್ರ ಸಲಹೆಗಾರ್ತಿ:

ಹಾಗಿದ್ದರೆ ನಿಮ್ಮ ಪತ್ರಗಳನ್ನು, ಅಥವಾ ಗ್ರಾಹಕರ ಪತ್ರಗಳನ್ನು, ಯಾರೋ ಓದುತ್ತಿದ್ದಾರೆ. ಹೊರಗಿನಿಂದ ಹೆಸರು ನಕಲು ಮಾಡುವವರಿಗೆ ಹಳೆಯ ಮಾತುಕತೆಯೂ ಬಾಕಿಯ ಮೊತ್ತವೂ ತಿಳಿಯುವುದಿಲ್ಲ. ನಾನು ಲೆಕ್ಕ ನೋಡುವ ಸಂಸ್ಥೆಯೊಂದರಲ್ಲಿ ಹೀಗೆಯೇ ಆಗಿತ್ತು. ಅಲ್ಲಿ ಕಳ್ಳರು ವಾರಗಟ್ಟಲೆ ಏನೂ ಮಾಡದೆ ಓದುತ್ತಾ ಕುಳಿತು, ದೊಡ್ಡ ಬಿಲ್ಲಿನ ಗಡುವು ಹತ್ತಿರವಾದಾಗ ಮಾತ್ರ ಬಾಯಿಬಿಟ್ಟರು.

ನಿಮ್ಮ ಲೆಕ್ಕ ನೋಡಿಕೊಳ್ಳುವವರ ಮೇಲ್ ಖಾತೆಯ ಸೆಟ್ಟಿಂಗ್ಸ್ ತೆರೆದು 'ರೂಲ್ಸ್' ಅಥವಾ 'ಫಿಲ್ಟರ್' ಎಂಬ ಭಾಗವನ್ನೂ 'ಫಾರ್ವರ್ಡಿಂಗ್' ಎಂಬ ಭಾಗವನ್ನೂ ನೋಡಿ. ಒಳಗೆ ಬಂದವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಇದು: ಬಿಲ್ಲು, ಪಾವತಿ, ಬ್ಯಾಂಕ್ ಮುಂತಾದ ಪದಗಳಿರುವ ಮೇಲ್ ಬಂದರೆ ಅದು ಇನ್‌ಬಾಕ್ಸಿಗೆ ಬಾರದೆ, ಯಾರೂ ತೆರೆಯದ ಯಾವುದೋ ಫೋಲ್ಡರಿಗೆ ಹೋಗುವಂತೆ ನಿಯಮ ಬರೆದಿಡುತ್ತಾರೆ. ಗ್ರಾಹಕರು ಅನುಮಾನದಿಂದ ಬರೆದ ಪ್ರಶ್ನೆಯೂ ನಿಮಗೆ ಕಾಣದಂತಾಗುವುದು ಹೀಗೆಯೇ.

ಮುದ್ರಣಾಲಯದ ಮಾಲೀಕರು:

ಮೇಡಂ, ನೀವು ಹೇಳಿದಂತೆಯೇ ಇತ್ತು. ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ ಇಟ್ಟ ನಿಯಮವೊಂದು ಸಿಕ್ಕಿತು. ಆ ಗ್ರಾಹಕರಿಂದ ಬಂದ ಎಲ್ಲವನ್ನೂ ಓದಿದ್ದೆಂದು ಗುರುತು ಹಾಕಿ ಬೇರೊಂದು ಫೋಲ್ಡರಿಗೆ ಸರಿಸುವ ನಿಯಮ ಅದು. ಆ ಫೋಲ್ಡರಿನಲ್ಲಿ ಗ್ರಾಹಕರು 'ಖಾತೆ ಬದಲಾದದ್ದು ನಿಜವೇ?' ಎಂದು ಕೇಳಿದ ಪತ್ರವೂ, ಅದಕ್ಕೆ ನಮ್ಮ ಹೆಸರಿನಲ್ಲಿ 'ನಿಜ' ಎಂದು ಹೋದ ಉತ್ತರವೂ ಇದ್ದವು. ಅದನ್ನು ಓದಿ ಕೈಕಾಲು ತಣ್ಣಗಾಯಿತು. ಅವರು ತಮ್ಮ ಕಡೆಯಿಂದ ಎಚ್ಚರಿಕೆ ವಹಿಸಿಯೇ ಇದ್ದರು, ಆದರೆ ಕೇಳಿದ್ದು ಕಳ್ಳನನ್ನೇ ಆಗಿತ್ತು.

ನಮ್ಮ ಲೆಕ್ಕ ನೋಡಿಕೊಳ್ಳುವವರನ್ನು ವಿಚಾರಿಸಿದೆ. ಸುಮಾರು ಮೂರು ವಾರಗಳ ಹಿಂದೆ 'ಕಡತವೊಂದನ್ನು ನಿಮ್ಮೊಂದಿಗೆ ಹಂಚಿಕೊಳ್ಳಲಾಗಿದೆ' ಎಂಬ ಮೇಲ್ ಬಂದಿತ್ತಂತೆ, ಒತ್ತಿದಾಗ ಲಾಗಿನ್ ಪುಟ ಬಂತಂತೆ, ಪಾಸ್‌ವರ್ಡ್ ಹಾಕಿದರೂ ಕಡತ ತೆರೆಯಲಿಲ್ಲವಂತೆ. ಕೆಲಸದ ಒತ್ತಡದಲ್ಲಿ ಮರೆತರಂತೆ. ಆ ಖಾತೆಯ ಪಾಸ್‌ವರ್ಡನ್ನು ನಾವು ಮೂವರು ಬಳಸುತ್ತೇವೆ ಎಂಬುದನ್ನೂ ಮುಚ್ಚಿಡದೆ ಹೇಳುತ್ತಿದ್ದೇನೆ.

ಮೇಲ್ ಸರ್ವರ್ ನಿರ್ವಾಹಕರು:

ಮೊದಲಿಗೆ ಒಂದು ಮನವಿ: ಅವರನ್ನು ಬೈಯಬೇಡಿ. ನಡೆದದ್ದನ್ನು ಹೇಳಿದರೆ ಬೈಗುಳ ಸಿಗುತ್ತದೆ ಎಂದಾದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ, ಅಂದೇ ತಿಳಿದಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ ಮೂರು ವಾರದ ಕಳ್ಳತನವಾಗುತ್ತದೆ.

ಈಗ ಶುದ್ಧಿಯ ಕೆಲಸ. ಪಾಸ್‌ವರ್ಡ್ ಬದಲಿಸಿದರೆ ಮುಗಿಯಿತು ಎಂದು ಹೆಚ್ಚಿನವರು ತಿಳಿಯುತ್ತಾರೆ, ಅದು ಸಾಲದು. ಒಮ್ಮೆ ಲಾಗಿನ್ ಆದವರ ಬ್ರೌಸರಿಗೆ ಸರ್ವರ್ ಒಂದು ಗುರುತಿನ ಚೀಟಿಯನ್ನು ಕೊಟ್ಟಿರುತ್ತದೆ. ಆ ಚೀಟಿ ಸಿಂಧುವಾಗಿರುವ ತನಕ ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ. ಪಾಸ್‌ವರ್ಡ್ ಬದಲಿಸಿದ ಮೇಲೂ ಅದು ಎಲ್ಲ ಸೇವೆಗಳಲ್ಲೂ ತಾನಾಗಿ ರದ್ದಾಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಹೊಸ ಪಾಸ್‌ವರ್ಡ್ ಇಟ್ಟ ಕೂಡಲೇ 'ಎಲ್ಲ ಸಾಧನಗಳಿಂದ ಸೈನ್ ಔಟ್' ಮಾಡಿ. ಆ ಬಳಿಕ ನಿಯಮಗಳನ್ನು ತೆಗೆಯಿರಿ, ತೆಗೆಯುವ ಮುನ್ನ ಪರದೆಯ ಚಿತ್ರ ಇಟ್ಟುಕೊಳ್ಳಿ. ಖಾತೆ ಮರಳಿ ಪಡೆಯಲು ಕೊಟ್ಟಿರುವ ಫೋನ್ ಸಂಖ್ಯೆ ಮತ್ತು ಇನ್ನೊಂದು ಇಮೇಲ್ ವಿಳಾಸ ನಿಮ್ಮದೇ ಇವೆಯೇ ನೋಡಿ. ಖಾತೆಗೆ ಜೋಡಿಸಿಕೊಂಡಿರುವ ಹೊರಗಿನ ಆ್ಯಪ್‌ಗಳ ಪಟ್ಟಿಯಲ್ಲಿ ಪರಿಚಯವಿಲ್ಲದ್ದು ಇದ್ದರೆ ತೆಗೆದುಹಾಕಿ, ಏಕೆಂದರೆ ಅಂಥದ್ದೊಂದಕ್ಕೆ ಅನುಮತಿ ಉಳಿದಿದ್ದರೆ ಪಾಸ್‌ವರ್ಡ್ ಇಲ್ಲದೆಯೇ ಅದು ಮೇಲ್ ಓದಬಲ್ಲದು. ಉಳಿದ ಐವರ ಖಾತೆಗಳನ್ನೂ ಹೀಗೆಯೇ ಪರೀಕ್ಷಿಸಿ. ಬಾಕಿ ಇರುವ ಎಲ್ಲ ಗ್ರಾಹಕರಿಗೂ ನೀವೇ ಫೋನ್ ಮಾಡಿ ಎಚ್ಚರಿಸಿ. ಮೇಲ್ ಮಾಡಬೇಡಿ. 'ಮೇಲನ್ನು ನಂಬಬೇಡಿ' ಎಂದು ಮೇಲ್ ಮಾಡಿದರೆ ಅದನ್ನು ಅವರು ಹೇಗೆ ನಂಬಬೇಕು?

ಕೊನೆಯದಾಗಿ ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ. ಪಾಸ್‌ವರ್ಡ್ ಕದ್ದವರಿಗೆ ಎರಡನೆಯ ಹಂತ ಗೋಡೆಯಾಗುತ್ತದೆ, ಆದರೆ ಎಲ್ಲ ಗೋಡೆಗಳೂ ಒಂದೇ ಎತ್ತರದವಲ್ಲ. ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಆದರೂ ನಿಮ್ಮ ಸಂಖ್ಯೆಗೆ ನಕಲಿ ಸಿಮ್ ಪಡೆದವರಿಗೆ ಅದೂ ಸಿಗುತ್ತದೆ. ಫೋನಿನ ಆ್ಯಪ್ 30 ಸೆಕೆಂಡಿಗೊಮ್ಮೆ ತೋರಿಸುವ ಅಂಕಿ ಅದಕ್ಕಿಂತ ಭದ್ರ. ಆದರೆ ನಕಲಿ ಲಾಗಿನ್ ಪುಟ ಆ ಅಂಕಿಯನ್ನೂ ಕೇಳಿ ಪಡೆದು, ಅದೇ ಕ್ಷಣದಲ್ಲಿ ಅಸಲಿ ತಾಣಕ್ಕೆ ದಾಟಿಸಬಹುದು. ಪಾಸ್‌ವರ್ಡ್ ಬದಲು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಉಳಿಯುವ ಗುಪ್ತ ಕೀಲಿಯಾದ ಪಾಸ್‌ಕೀ ಮತ್ತು ಯುಎಸ್‌ಬಿಗೆ ಹಾಕುವ ಭದ್ರತಾ ಕೀಲಿಗಳು ಮಾತ್ರ ತಾಣದ ನಿಜವಾದ ಡೊಮೇನಿಗೆ ಕಟ್ಟುಬಿದ್ದಿರುತ್ತವೆ. ಪುಟ ಎಷ್ಟೇ ಚೆನ್ನಾಗಿ ನಕಲಾಗಿದ್ದರೂ ಡೊಮೇನ್ ಬೇರೆಯಾದರೆ ಅವು ಸುಮ್ಮನಿರುತ್ತವೆ. ಮಾಲೀಕರು, ಲೆಕ್ಕದವರು, ಮೇಲ್ ಸೇವೆಯ ಆಡಳಿತ ಖಾತೆ, ಈ ಮೂರಕ್ಕಾದರೂ ಪಾಸ್‌ಕೀ ಇಡಿ. ಮೂವರು ಒಂದೇ ಪಾಸ್‌ವರ್ಡ್ ಬಳಸುವುದನ್ನು ಇಂದೇ ನಿಲ್ಲಿಸಿ. ಒಂದು ವಿಳಾಸಕ್ಕೆ ಬರುವ ಮೇಲನ್ನು ಹಲವರು ತಮ್ಮ ತಮ್ಮ ಲಾಗಿನ್‌ನಿಂದಲೇ ನೋಡುವ ವ್ಯವಸ್ಥೆ ಹೆಚ್ಚಿನ ಸೇವೆಗಳಲ್ಲಿದೆ.

ಜಾಲತಾಣ ನಿರ್ಮಿಸುವವರು:

ಇಷ್ಟು ಹೊತ್ತಾದರೂ ಯಾರೂ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ, ಮೇಲ್ ಅಸಲಿಯೇ ಎಂದು ನೋಡುವ ಪರೀಕ್ಷೆಗಳ ಹೆಸರನ್ನೇ ಎತ್ತಿಲ್ಲವಲ್ಲ ಎಂದು ಆಶ್ಚರ್ಯವಾಗುತ್ತಿದೆ. ಈ ಮೂರನ್ನು ಸರಿಯಾಗಿ ಹಾಕಿದ್ದರೆ ನಿಮ್ಮ ಹೆಸರಿನಲ್ಲಿ ಬೇರೆಯವರು ಮೇಲ್ ಕಳುಹಿಸಲು ಸಾಧ್ಯವಾಗುತ್ತಿರಲಿಲ್ಲ. ನನ್ನ ಎಲ್ಲ ಗ್ರಾಹಕರಿಗೂ ನಾನು ಮೊದಲು ಮಾಡಿಕೊಡುವುದು ಇದನ್ನೇ.

ಮೇಲ್ ಸರ್ವರ್ ನಿರ್ವಾಹಕರು:

ಮಾಡಲೇಬೇಕಾದ ಕೆಲಸ ಅದು, ಒಪ್ಪುತ್ತೇನೆ. ಆದರೆ ಈ ವಂಚನೆಯನ್ನು ಅದು ತಡೆಯುತ್ತಿತ್ತು ಎಂಬುದನ್ನು ಒಪ್ಪಲಾರೆ. ಕಳ್ಳರು ಅಸಲಿ ಖಾತೆಯ ಒಳಗಿಂದಲೇ ಕಳುಹಿಸಿದ್ದರೆ ಮೂರು ಪರೀಕ್ಷೆಗಳಲ್ಲೂ ಆ ಮೇಲ್ ತೇರ್ಗಡೆಯಾಗುತ್ತದೆ, ಏಕೆಂದರೆ ತಾಂತ್ರಿಕವಾಗಿ ಅದು ನಿಜವಾದ ಮೇಲೇ. ಮಾಲೀಕರು ಗ್ರಾಹಕರಿಂದ ಆ ಮೇಲಿನ ಮೂಲ ಕಡತವನ್ನು ತರಿಸಿದರೆ ಇದು ಸ್ಪಷ್ಟವಾಗುತ್ತದೆ. ಸುಮ್ಮನೆ ಫಾರ್ವರ್ಡ್ ಮಾಡಿದರೆ ತಲೆಬರಹದ ವಿವರಗಳು ಕಳೆದುಹೋಗುತ್ತವೆ. ಮೂಲ ಮೇಲನ್ನು ಕಡತವಾಗಿ ಉಳಿಸಿ, ಅಟ್ಯಾಚ್‌ಮೆಂಟ್ ಆಗಿ ಕಳುಹಿಸಲು ಹೇಳಿ.

ಈ ಮೂರು ಏನು ಮಾಡುತ್ತವೆ ಎಂಬುದನ್ನು ಓದುವ ಇತರರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಡೊಮೇನಿನ ಬಗ್ಗೆ ಲೋಕಕ್ಕೆ ಮಾಹಿತಿ ಕೊಡುವ ಸಾರ್ವಜನಿಕ ವಿಳಾಸ ಪುಸ್ತಕಕ್ಕೆ ಡಿಎನ್‌ಎಸ್ ಎಂದು ಹೆಸರು. ನಿಮಗೆ ಬರುವ ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಅದರಲ್ಲಿರುವ ಎಂಎಕ್ಸ್ ದಾಖಲೆ ಹೇಳುತ್ತದೆ. ಎಸ್‌ಪಿಎಫ್ ಕೂಡ ಅಲ್ಲಿಯೇ ಇರುವ ಒಂದು ಸಾಲು: ನಮ್ಮ ಡೊಮೇನಿನ ಹೆಸರಿನಲ್ಲಿ ಮೇಲ್ ಕಳುಹಿಸಲು ಇಂತಿಂಥ ಸರ್ವರ್‌ಗಳಿಗೆ ಮಾತ್ರ ಅನುಮತಿಯಿದೆ ಎಂಬ ಪಟ್ಟಿ. ಆದರೆ ಅದು ನೋಡುವುದು ಲಕೋಟೆಯ ಮೇಲಿನ ವಿಳಾಸವನ್ನು, ಓದುವವರಿಗೆ ಕಾಣುವ ವಿಳಾಸವನ್ನಲ್ಲ. ಡಿಕಿಮ್ ಎಂದರೆ ಕಳುಹಿಸುವ ಸರ್ವರ್ ಪ್ರತಿ ಮೇಲಿಗೂ ಒತ್ತುವ ಗಣಿತದ ಮುದ್ರೆ. ನಡುದಾರಿಯಲ್ಲಿ ಯಾರಾದರೂ ಪತ್ರವನ್ನು ತಿದ್ದಿದರೆ ಮುದ್ರೆ ಹೊಂದುವುದಿಲ್ಲ. ಮೊದಲೆರಡನ್ನೂ ಓದುವವರ ಕಣ್ಣಿಗೆ ಕಾಣುವ ವಿಳಾಸದೊಡನೆ ತಾಳೆ ನೋಡುವುದು ಡಿಮಾರ್ಕ್. ತಾಳೆಯಾಗದ ಮೇಲನ್ನು ಸುಮ್ಮನೆ ಬಿಡಬೇಕೇ, ಸ್ಪ್ಯಾಮಿಗೆ ಹಾಕಬೇಕೇ, ತಿರಸ್ಕರಿಸಬೇಕೇ ಎಂದು ಡೊಮೇನಿನ ಒಡೆಯರು ಅದರಲ್ಲಿ ಬರೆದಿಡುತ್ತಾರೆ. 2024ರ ಫೆಬ್ರುವರಿಯಿಂದ ಗೂಗಲ್ ಸಂಸ್ಥೆ ತನ್ನ ಜಿಮೇಲ್ ಬಳಕೆದಾರರಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದೆ. ಸಣ್ಣವರಿಗೆ ಕಡ್ಡಾಯ ಅಷ್ಟಿಲ್ಲದಿದ್ದರೂ, ಇವಿಲ್ಲದ ಡೊಮೇನಿನ ಮೇಲ್ ಸ್ಪ್ಯಾಮಿಗೆ ಬೀಳುವುದು ಹೆಚ್ಚು.

ನಾನು ಮತ್ತೆ ಮತ್ತೆ ನೋಡುವ ಎರಡು ತಪ್ಪುಗಳಿವೆ. ಮೊದಲನೆಯದು: ಯಾವುದೇ ಡೊಮೇನಿಗೆ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಸುದ್ದಿಪತ್ರ ಕಳುಹಿಸುವ ಹೊಸ ಸೇವೆಯೊಂದನ್ನು ಸೇರಿಸುವಾಗ ಹಳೆಯ ಸಾಲಿಗೆ ಜೋಡಿಸದೆ ಎರಡನೆಯ ಸಾಲು ಬರೆದರೆ ಎರಡೂ ಕೆಡುತ್ತವೆ. ಎಸ್‌ಪಿಎಫ್ ಸಾಲು ಇತರ ಸೇವೆಗಳ ಪಟ್ಟಿಯನ್ನು ಡಿಎನ್‌ಎಸ್‌ನಲ್ಲಿ ಹುಡುಕಲು ಕೊಡುವ ಅವಕಾಶ 10 ಸಲ ಮಾತ್ರ, ಮೀರಿದರೂ ಕೆಡುತ್ತದೆ. ಇನ್ನೊಂದು ತಪ್ಪೆಂದರೆ, ಡಿಮಾರ್ಕನ್ನು 'ಏನೂ ಮಾಡಬೇಡ' ಎಂಬ ಹಂತದಲ್ಲಿಟ್ಟು ವರ್ಷಗಟ್ಟಲೆ ಮರೆಯುವುದು. ಆ ಹಂತ ಇರುವುದು ವರದಿ ತರಿಸಿಕೊಂಡು ನಮ್ಮ ಹೆಸರಿನಲ್ಲಿ ಎಲ್ಲೆಲ್ಲಿಂದ ಮೇಲ್ ಹೋಗುತ್ತಿದೆ ಎಂದು ತಿಳಿಯಲಿಕ್ಕೆ. ಕೆಲವು ವಾರ ವರದಿ ನೋಡಿ, ನಮ್ಮದೇ ಸೇವೆಗಳೆಲ್ಲ ತೇರ್ಗಡೆಯಾಗುತ್ತಿವೆ ಎಂದು ಖಚಿತವಾದ ಮೇಲೆ ತಿರಸ್ಕಾರದ ಹಂತಕ್ಕೆ ಏರಿಸಬೇಕು. ಹಾಗೆ ಏರಿಸಿದರೂ ಒಂದಕ್ಷರ ಬೇರೆಯಾದ ಡೊಮೇನನ್ನು ಅದು ತಡೆಯಲಾರದು, ಅದಕ್ಕೆ ಅದರದೇ ಸರಿಯಾದ ಎಸ್‌ಪಿಎಫ್ ಇರಬಹುದು.

ಜಾಲತಾಣ ನಿರ್ಮಿಸುವವರು:

ನಿಮ್ಮ ಮಾತು ಸರಿ. ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ: ನಮ್ಮ ಮನೆಯ ಬೀಗ ಒಡೆಯದೆ ನಮ್ಮ ಹೆಸರು ಹೇಳಿಕೊಂಡು ತಿರುಗುವವರನ್ನು ಅವು ತಡೆಯುತ್ತವೆ, ಒಳಗೆ ಬಂದವರನ್ನಲ್ಲ.

ಉಡುಪು ಅಂಗಡಿಯವರು:

ನಾನು ಹೆಚ್ಚು ತಿಳಿದವಳಲ್ಲ. ನಮಗೆ ಕಂಪ್ಯೂಟರ್ ನೋಡಿಕೊಡುವವರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕು ಎಂದು ಕಟ್ಟುನಿಟ್ಟು ಮಾಡಿದ್ದಾರೆ. ಹುಡುಗಿಯರು ಹಳೆಯದರ ಕೊನೆಗೆ ತಿಂಗಳ ಅಂಕಿ ಸೇರಿಸಿ, ಚೀಟಿ ಬರೆದು ಪರದೆಗೆ ಅಂಟಿಸುತ್ತಾರೆ. ಇದರಿಂದ ಪ್ರಯೋಜನವಿದೆಯೇ?

ಲೆಕ್ಕಪತ್ರ ಸಲಹೆಗಾರ್ತಿ:

ಪ್ರಯೋಜನಕ್ಕಿಂತ ತೊಂದರೆಯೇ ಹೆಚ್ಚು. ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ 2017ರಲ್ಲಿಯೇ ತನ್ನ ಮಾರ್ಗಸೂಚಿಯನ್ನು ಬದಲಿಸಿ, ಕಾರಣವಿಲ್ಲದೆ ಗಡುವು ಇಟ್ಟು ಪಾಸ್‌ವರ್ಡ್ ಬದಲಿಸುವಂತೆ ಒತ್ತಾಯಿಸಬಾರದು, ಸೋರಿದ ಕುರುಹು ಸಿಕ್ಕಾಗ ಮಾತ್ರ ಬದಲಿಸಬೇಕು ಎಂದು ಹೇಳಿತು. ನೀವು ಕಂಡದ್ದೇ ಅದಕ್ಕೆ ಕಾರಣ: ಮೇಲಿಂದ ಮೇಲೆ ಬದಲಿಸಬೇಕಾದಾಗ ಜನ ಊಹಿಸಲು ಸುಲಭವಾದುದನ್ನೇ ಇಡುತ್ತಾರೆ. ಉದ್ದವಾದ, ಪ್ರತಿ ತಾಣಕ್ಕೂ ಬೇರೆಯಾದ ಪಾಸ್‌ವರ್ಡ್ ಇರಲಿ, ಅವನ್ನು ನೆನಪಿಡುವ ಕೆಲಸವನ್ನು ಪಾಸ್‌ವರ್ಡ್ ಮ್ಯಾನೇಜರಿಗೆ ಬಿಡಿ. ಅದರಿಂದ ಇನ್ನೊಂದು ಲಾಭವಿದೆ, ಅದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಅದು ಪುಟದ ಅಂದ ನೋಡಿ ಮೋಸಹೋಗುವುದಿಲ್ಲ, ಡೊಮೇನ್ ಹೆಸರು ಹೊಂದಿದರೆ ಮಾತ್ರ ಪಾಸ್‌ವರ್ಡ್ ತುಂಬುತ್ತದೆ. ಎಂದಿನಂತೆ ತಾನಾಗಿ ತುಂಬದೆ ಖಾಲಿ ಬಿಟ್ಟರೆ ಕೈಯಿಂದ ಬರೆಯಲು ಹೋಗಬೇಡಿ ಎಂದು ನಿಮ್ಮ ಹುಡುಗಿಯರಿಗೆ ಹೇಳಿಕೊಡಿ.

ಮಾಲೀಕರಿಗೆ ನನ್ನದೊಂದು ಮಾತು ಉಳಿದಿದೆ, ಇಡೀ ಚರ್ಚೆಯಲ್ಲಿ ನನಗೆ ಮುಖ್ಯವಾಗಿ ತೋರುವುದು ಅದೇ. ಗೂಗಲ್ ಮತ್ತು ಫೇಸ್‌ಬುಕ್ ಸಂಸ್ಥೆಗಳಿಂದ 2013ರಿಂದ 2015ರ ನಡುವೆ ಲಿಥುವೇನಿಯಾದ ಎವಾಲ್ದಾಸ್ ರಿಮಶೌಸ್ಕಸ್ ಎಂಬಾತ 12 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ನಕಲಿ ಬಿಲ್ಲುಗಳ ಮೂಲಕ ಪಡೆದ. ಆ ಸಂಸ್ಥೆಗಳು ನಿಜವಾಗಿಯೂ ವ್ಯವಹರಿಸುತ್ತಿದ್ದ ತೈವಾನಿನ ಕ್ವಾಂಟಾ ಕಂಪ್ಯೂಟರ್ ಕಂಪನಿಯ ಹೆಸರಿನಲ್ಲೇ ಬೇರೆ ದೇಶದಲ್ಲಿ ಕಂಪನಿ ನೋಂದಾಯಿಸಿ, ಆ ಹೆಸರಿನ ಖಾತೆಗಳಿಗೆ ಹಣ ಹಾಕಿಸಿಕೊಂಡಿದ್ದ. 2019ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ 5 ವರ್ಷ ಶಿಕ್ಷೆ ವಿಧಿಸಿತು. ಜಗತ್ತಿನ ಮೇಲ್ ವ್ಯವಸ್ಥೆಯನ್ನೇ ನಡೆಸುವವರಿಗೆ ಹೀಗಾಯಿತೆಂದರೆ ಇಲ್ಲಿ ಸೋತದ್ದು ಸಾಫ್ಟ್‌ವೇರ್ ಅಲ್ಲ, ಹಣ ಪಾವತಿಸುವ ಕ್ರಮ. ಯಾರ ಬ್ಯಾಂಕ್ ಖಾತೆಯಾದರೂ ಬದಲಾಗಿದೆ ಎಂದು ಮೇಲ್ ಬಂದರೆ, ನಮ್ಮಲ್ಲಿ ಮೊದಲೇ ಬರೆದಿಟ್ಟುಕೊಂಡ ಸಂಖ್ಯೆಗೆ ಫೋನ್ ಮಾಡಿ, ಪರಿಚಿತ ದನಿಯಿಂದಲೇ ಖಚಿತಪಡಿಸಿಕೊಳ್ಳುವವರೆಗೆ ಒಂದು ಪೈಸೆಯೂ ಹೋಗಬಾರದು. ಆ ಮೇಲಿನಲ್ಲೇ ಕೊಟ್ಟಿರುವ ಸಂಖ್ಯೆಗೆ ಮಾಡಿದರೆ ನಿಮ್ಮ ಗ್ರಾಹಕರಿಗೆ ಆದಂತೆಯೇ ಆಗುತ್ತದೆ. 'ತುರ್ತು', 'ನಾನು ಸಭೆಯಲ್ಲಿದ್ದೇನೆ, ಫೋನ್ ಮಾಡಬೇಡಿ' ಎಂಬ ಮಾತುಗಳಿದ್ದರೆ ಅದೇ ಫೋನ್ ಮಾಡಲು ಕಾರಣವೆಂದು ತಿಳಿಯಿರಿ. ಮಾಲೀಕರೇ ಹೇಳಿದರೂ ಈ ಕ್ರಮ ಮುರಿಯಬಾರದೆಂದು ನೌಕರರಿಗೆ ನೀವೇ ಬರೆದುಕೊಡಿ, ಇಲ್ಲವಾದರೆ ನಿಮ್ಮ ಹೆಸರಿನ ಮೇಲ್ ಬಂದಾಗ ಅವರಿಗೆ ಧೈರ್ಯ ಸಾಲುವುದಿಲ್ಲ.

ಮೇಲ್ ಸರ್ವರ್ ನಿರ್ವಾಹಕರು:

ಕಂಪ್ಯೂಟರ್‌ಗಳ ಬಗ್ಗೆಯೂ ಎರಡು ಮಾತು. ಅಪ್‌ಡೇಟುಗಳನ್ನು ಮುಂದೂಡಬೇಡಿ. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈ ಎಂಬ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಕುತಂತ್ರಾಂಶ ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ತಿದ್ದುಪಡಿ ಕೊಟ್ಟಿತ್ತು, ಆದರೂ ಅದನ್ನು ಹಾಕಿಕೊಳ್ಳದ ಅನೇಕರ ಕಡತಗಳಿಗೆ ಬೀಗ ಬಿತ್ತು. ಮುಖ್ಯ ಕಡತಗಳ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಜಾಗದಲ್ಲಿ ಇರಲಿ. ಅದರಲ್ಲೊಂದು ಕಂಪ್ಯೂಟರಿಗೆ ಸದಾ ಜೋಡಿಸಿಕೊಂಡಿರಬಾರದು. ವರ್ಷಕ್ಕೊಮ್ಮೆಯಾದರೂ ಆ ಬ್ಯಾಕಪ್‌ನಿಂದ ಒಂದು ಕಡತವನ್ನು ಮರಳಿ ತೆಗೆದು ನೋಡಿ.

ಮುದ್ರಣಾಲಯದ ಮಾಲೀಕರು:

ಎಲ್ಲರಿಗೂ ಹೃದಯಪೂರ್ವಕ ಕೃತಜ್ಞತೆಗಳು. ಮೂಲ ಕಡತ ಬಂತು. ಖಾತೆ ಬದಲಾಗಿದೆ ಎಂಬ ಮೊದಲ ಮೇಲ್ ಡಿಕಿಮ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ, ಅಂದರೆ ಅದು ನಮ್ಮ ಖಾತೆಯಿಂದಲೇ ಹೋದದ್ದು. ಹಣ ಹಾಕಿದ ಮೇಲೆ ಗ್ರಾಹಕರಿಗೆ ಹೋದ ಧನ್ಯವಾದದ ಮೇಲ್ ಮಾತ್ರ ನಮ್ಮ ಹೆಸರಿಗೆ ಒಂದಕ್ಷರ ಹೆಚ್ಚು ಸೇರಿಸಿದ ಡೊಮೇನಿನಿಂದ ಬಂದಿದೆ. ನೀವು ಹೇಳಿದ ಕ್ರಮದಲ್ಲಿ ಆರೂ ಖಾತೆಗಳನ್ನು ಶುದ್ಧ ಮಾಡಿದೆವು, ಪಾಸ್‌ಕೀ ಇಟ್ಟೆವು, ಹದಿನಾಲ್ಕು ಗ್ರಾಹಕರಿಗೆ ನಾನೇ ಫೋನ್ ಮಾಡಿದೆ. ಅವರಲ್ಲಿ ಇನ್ನೊಬ್ಬರಿಗೂ ಅಂಥದೇ ಮೇಲ್ ಹೋಗಿತ್ತು, ಅವರು ಇನ್ನೂ ಹಣ ಹಾಕಿರಲಿಲ್ಲ.

ಡಿಮಾರ್ಕ್ ಹಾಕಲು ಹೋದಾಗ ಹೊಸದೊಂದು ತೊಡಕು ಎದುರಾಯಿತು. ನಮ್ಮ ಡೊಮೇನ್ ಎಂಟು ವರ್ಷದ ಹಿಂದೆ ತಾಣ ಮಾಡಿಕೊಟ್ಟವರ ಸ್ವಂತ ಇಮೇಲಿನಲ್ಲಿ ನೋಂದಣಿಯಾಗಿದೆ. ಡಿಎನ್‌ಎಸ್ ತೆರೆಯುವ ಕೀಲಿ ನಮ್ಮ ಬಳಿ ಇಲ್ಲ.

ಜಾಲತಾಣ ನಿರ್ಮಿಸುವವರು:

ಇದನ್ನು ಮೊದಲು ಸರಿಮಾಡಿ, ಉಳಿದದ್ದು ಆಮೇಲೆ. ಆ ಖಾತೆ ಯಾರ ಕೈಯಲ್ಲಿದೆಯೋ ಅವರು ಎಂಎಕ್ಸ್ ದಾಖಲೆ ಬದಲಿಸಿ ನಿಮಗೆ ಬರುವ ಎಲ್ಲ ಮೇಲನ್ನೂ ಬೇರೆಡೆಗೆ ತಿರುಗಿಸಬಲ್ಲರು. ಅವರು ಒಳ್ಳೆಯವರೇ ಇರಬಹುದು, ಆದರೆ ಅವರ ಹಳೆಯ ಇಮೇಲ್ ಕಳ್ಳರ ಪಾಲಾದರೂ, ನವೀಕರಣದ ನೆನಪೋಲೆ ಅವರ ಕಣ್ಣು ತಪ್ಪಿದರೂ ನಷ್ಟ ನಿಮ್ಮದು. ಅವರನ್ನು ಸಂಪರ್ಕಿಸಿ ನೋಂದಣಿಯನ್ನು ಸಂಸ್ಥೆಯ ಹೆಸರಿಗೆ ವರ್ಗಾಯಿಸಿಕೊಳ್ಳಿ. ಆ ಖಾತೆಯ ಇಮೇಲ್ ವಿಳಾಸ ಅದೇ ಡೊಮೇನಿನದ್ದಾಗಿರಬಾರದು, ಏಕೆಂದರೆ ಡೊಮೇನ್ ನಿಂತ ದಿನ ಅದನ್ನು ಮರಳಿ ಪಡೆಯುವ ಪತ್ರವೂ ನಿಮಗೆ ತಲುಪುವುದಿಲ್ಲ. ವರ್ಗಾವಣೆಗೆ ಬೀಗ, ಎರಡು ಹಂತದ ದೃಢೀಕರಣ, ತಾನಾಗಿ ನವೀಕರಣವಾಗುವ ವ್ಯವಸ್ಥೆ, ಮೂರನ್ನೂ ಹಾಕಿ.

ಮುದ್ರಣಾಲಯದ ಮಾಲೀಕರು:

ಅವರು ಸಿಕ್ಕರು, ಸಂತೋಷದಿಂದಲೇ ಒಪ್ಪಿದರು. ನೋಂದಣಿ ಇಂದು ಮಧ್ಯಾಹ್ನ ನಮ್ಮ ಹೆಸರಿಗೆ ಬಂತು. ಎಸ್‌ಪಿಎಫ್ ಸಾಲು ನಿಜಕ್ಕೂ ಎರಡು ಇದ್ದವು, ಒಂದಾಗಿಸಿದ್ದೇವೆ. ಡಿಮಾರ್ಕ್ ಸದ್ಯಕ್ಕೆ ವರದಿ ತರಿಸುವ ಹಂತದಲ್ಲಿದೆ. ಮೊದಲ ವರದಿ ಬಂದಾಗ ಅದನ್ನು ಓದುವುದು ಹೇಗೆಂದು ಕೇಳಲು ಇಲ್ಲಿಗೇ ಬರುತ್ತೇನೆ.